ಜೀನಗಾರರ ಜೋಳದ ಹಿಟ್ಟು

ಕುಳಗೇರಿ ಕ್ರಾಸಿನಿಂದ ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಅವರು ಕುದುರೆಯ ಜೀನಿನ ಮೇಲೆ ಕುಳಿತು ಪ್ರಯಾಣ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಹತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಬಸ್ಸು ತುಂಬಿತ್ತು. ಹೆಗಲ ಮೇಲಿದ್ದ ಹೊಸ ಜೀನನ್ನು ಅವರು ನಡುದಾರಿಯಲ್ಲಿದ್ದ ಯಾರದೋ ಜೋಳದ ಚೀಲದ ಮೇಲೆ ಇಳಿಸಿದರು. ಎರಡೂ ಕಡೆ ಕಾಲು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕಂಡಕ್ಟರ್ ಬಂದವನು, ಯಜಮಾನರ ಕುದುರೆ ಎಲ್ಲಿ ಎಂದು ಕೇಳಿದ.

"ನೀ ಟಿಕೀಟ ಹರಿಯಪ್ಪ. ಕುದುರಿ ಡ್ರೈವರ್ ಹೊಡ್ಯಾಕತ್ತಾನ" ಎಂದರು.

ಕೇಳಿದವರೆಲ್ಲ ನಗುತ್ತಾರೆ. ಆದರೆ ಈಗ ಬರೆಯಲು ಕುಳಿತಾಗ, ಆ ಬಸ್ಸಿನಲ್ಲಿ ನಾನು ನಿಜಕ್ಕೂ ಇದ್ದೆನೇ, ಅಥವಾ ಅವರ ಬಾಯಿಂದ ಕೇಳಿದ ಕತೆಯಲ್ಲಿ ನನಗೂ ಒಂದು ಸೀಟು ಹಿಡಿದುಕೊಂಡೆನೇ ಎಂಬುದು ತಿಳಿಯುತ್ತಿಲ್ಲ. ನನ್ನ ನೆನಪಿನ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟು ಗೌರವವಿಲ್ಲ. ಇದ್ದಷ್ಟೂ ಹೋದ ತಿಂಗಳು ಹೋಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಹುನಗುಂದದಲ್ಲಿ ಅವರನ್ನು ಹೆಸರಿನಿಂದ ಕರೆದವರನ್ನು ನಾನು ಕಾಣೆ. ಊರಿಗೆಲ್ಲ ಅವರು ಜೀನಗಾರ ಕಾಕಾ. ಕುದುರೆಗೆ ಜೀನು, ಹೇರು ಹೊರುವ ಪ್ರಾಣಿಗೆ ತಡಿ, ಟಾಂಗಾದ ಕುದುರೆಯ ಬೆನ್ನಿಗೆ ಗಾದಿ, ಇವುಗಳನ್ನು ಹೊಲಿಯುವುದು ಅವರ ಕಸುಬು. ನಾನು ಅವರನ್ನು ಕಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗಲೇ ಟಾಂಗಾಗಳು ಕಡಿಮೆಯಾಗಿದ್ದವು. ಅವರ ಅಂಗಡಿಯಲ್ಲಿ ಒಂದು ಜೀನಿದ್ದರೆ ಹತ್ತು ಸೈಕಲ್ ಸೀಟು ಇರುತ್ತಿದ್ದವು. ಅದಕ್ಕೆ ಅವರಿಗೇನೂ ಬೇಸರವಿರಲಿಲ್ಲ. ಸೈಕಲ್ಲಿಗೆ ಹುಲ್ಲು ಹಾಕುವುದು ಬೇಡ ಎನ್ನುತ್ತಿದ್ದರು.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಕಸುಬುಗಳ ಪದಗಳನ್ನು ಸಂಗ್ರಹಿಸುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಒಂದು ಪದಕ್ಕೆ ಒಂದು ಕಾರ್ಡು. ಮೇಲೆ ಪದ, ಕೆಳಗೆ ಅರ್ಥ, ಮೂಲೆಯಲ್ಲಿ ಊರು. ಹುನಗುಂದದಲ್ಲಿ ಸೋದರತ್ತೆಯ ಮನೆಯಿತ್ತು. ಊಟಕ್ಕೆ ಚಿಂತೆಯಿರಲಿಲ್ಲವಾದ್ದರಿಂದ ಆ ತಾಲ್ಲೂಕನ್ನೇ ಆರಿಸಿಕೊಂಡೆ. ಸಂಶೋಧನೆಯ ಕ್ಷೇತ್ರಗಳು ಹೀಗೆಯೇ ನಿರ್ಧಾರವಾಗುತ್ತವೆ.

ಮೊದಲ ದಿನ ಅಂಗಡಿಯ ಮುಂದೆ ನಿಂತು, ಜೀನಿನ ಭಾಗಗಳ ಹೆಸರು ಹೇಳಬೇಕೆಂದು ಕೇಳಿದೆ. ಬಾಯಲ್ಲಿ ಮೇಣದ ದಾರ ಕಚ್ಚಿಕೊಂಡಿದ್ದವರು ಅದನ್ನು ತೆಗೆಯದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತೆಗೆದರು.

"ಬೆನ್ನು ಎಲ್ಲೈತ್ರಿ?"

"ಯಾರ ಬೆನ್ನು?"

"ಬೆನ್ನಿಲ್ಲದ ಜೀನಿನ ಮಾತ್ ಆಡೂದ್ ಹೆಂಗ್ರಿ? ಏನರ ಒಂದ್ ತಗೊಂಡ್ ಬರ್ರಿ. ಕುದುರಿ ಇಲ್ಲಂದ್ರ ಕತ್ತಿ."

ಕತ್ತೆ ನನ್ನ ಬಳಿ ಇರಲಿಲ್ಲ. ಮರುದಿನ ಸೈಕಲ್ಲು ಒಯ್ದೆ. ಅದರ ಸೀಟು ಸವೆದು ಸ್ಪ್ರಿಂಗು ಮೇಲೆದ್ದಿತ್ತು. ಅವರು ಒಳಗೆ ಹೋಗಿ ಒಂದು ಹಿಡಿ ಜೋಳದ ಹಿಟ್ಟು ತಂದು ಸೀಟಿನ ಮೇಲೆ ತೆಳ್ಳಗೆ ಉದುರಿಸಿದರು. ಕುಂದ್ರ್ರಿ ಎಂದರು. ಕುಳಿತೆ. ಇಳೀರಿ ಎಂದರು. ಇಳಿದೆ. ಬಗ್ಗಿ ಹಿಟ್ಟಿನ ಗುರುತನ್ನು ನೋಡುತ್ತ ಬಹಳ ಹೊತ್ತು ನಿಂತರು, ವೈದ್ಯರು ನಾಲಗೆ ನೋಡುವಂತೆ.

"ವಾಲಿ ಕುಂದ್ರತೀರಿ."

ನಾನು ಹಾಗೆ ಕೂರುವವನಲ್ಲ ಎಂದೆ. ನಾನಲ್ಲ, ಹಿಟ್ಟು ಹೇಳುತ್ತಿದೆ ಎಂದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ, ರೊಟ್ಟಿ ಹಿಟ್ಟನ್ನು ಊರ ಮಂದಿಯ ಕುಂಡಿಗೆ ಬಳಿಯುವ ಗಂಡನನ್ನು ಕೊಟ್ಟ ದೇವರನ್ನು ಸಾಕಷ್ಟು ಗಟ್ಟಿಯಾಗಿ ವಿಚಾರಿಸಿಕೊಳ್ಳುತ್ತಿದ್ದರು. ನಾನು ಕರಿ ಪ್ಯಾಂಟಿನ ಹಿಂಬದಿಯಲ್ಲಿ ಬಿಳಿ ಮುದ್ರೆ ಹೊತ್ತು ಬಜಾರದ ನಡುವೆ ಅತ್ತೆಯ ಮನೆಗೆ ನಡೆದೆ. ಅಂದಿನಿಂದ ಆ ಓಣಿಯಲ್ಲಿ ನನ್ನನ್ನು ಗುರುತಿಸದವರಿಲ್ಲ.

ಅದೇ ಅವರ ಕೆಲಸದ ರೀತಿ. ಕುದುರೆ ಬಂದರೂ ಹೀಗೆಯೇ. ಬೆನ್ನಿಗೆ ಹಿಟ್ಟು ಉದುರಿಸಿ, ಜೀನು ಇಟ್ಟು, ಪಟ್ಟಿ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ತೆಗೆದು ನೋಡುತ್ತಿದ್ದರು. ಹಿಟ್ಟು ಎಲ್ಲಿ ಅಳಿಸಿದೆಯೋ ಅಲ್ಲಿ ಭಾರ ಕೂರುತ್ತಿದೆ. ಅಲ್ಲಿಯ ಹೊಲಿಗೆ ಬಿಚ್ಚಿ ಒಂದು ಚಿಟಿಕೆ ಉಣ್ಣೆ ತೆಗೆಯುವುದು, ಮತ್ತೆ ಹಿಟ್ಟು, ಮತ್ತೆ ನೋಡುವುದು. ಅದಕ್ಕೂ ಮೊದಲು ಬೆನ್ನಿನ ಆಕಾರ ಹಿಡಿಯಲು ಒಂದು ದಪ್ಪ ತಾಮ್ರದ ತಂತಿಯಿತ್ತು. ಅದನ್ನು ಬೆನ್ನಿನ ಮೇಲೆ ಬಗ್ಗಿಸಿ, ಗೋಣಿತಟ್ಟಿನ ಮೇಲಿಟ್ಟು, ಆ ಆಕಾರಕ್ಕೆ ಕತ್ತರಿಸುವರು. ಓದುಬರಹ ಗೊತ್ತಿರಲಿಲ್ಲ. ಆ ಗೋಣಿಯ ತುಂಡುಗಳೇ ಅವರ ದಫ್ತರು. ಯಾವ ಬೆನ್ನು ಯಾರದು ಎಂಬುದಕ್ಕೆ ದಾರದಲ್ಲಿ ಗಂಟು. ಗೋಡೆಯ ಮೊಳೆಗಳ ಮೇಲೆ ಇಡೀ ತಾಲ್ಲೂಕಿನ ಕುದುರೆಗಳ ಬೆನ್ನುಗಳು ನೇತಾಡುತ್ತಿದ್ದವು.

ಪ್ರಾಣಿಯನ್ನು ನೋಡದೆ ಹೊಲಿಯುವುದಿಲ್ಲ ಎಂಬುದು ಅವರ ಒಂದೇ ಹಟ. ಇಳಕಲ್ಲಿನ ಒಬ್ಬ ದೊಡ್ಡ ಮನುಷ್ಯರು, ಮಗನ ಮದುವೆಯ ಮೆರವಣಿಗೆಗೆ ಜೀನು ಬೇಕು, ಕುದುರೆಯನ್ನು ಇನ್ನೂ ಗೊತ್ತುಮಾಡಿಲ್ಲ ಎಂದು ಹೇಳಿ ಕಳಿಸಿದ್ದರಂತೆ. ವಧುವಾದರೂ ಗೊತ್ತಾಗಿದ್ದಾಳೇನು ಕೇಳ್ರಿ ಎಂದು ಇವರು ಮರಳಿ ಹೇಳಿ ಕಳಿಸಿದರಂತೆ.

ನನ್ನ ಕಾರ್ಡಿನ ಗತಿ ಹೇಳಬೇಕು. ‘ಜೀನು’ ಎಂಬ ಪದಕ್ಕೆ ಒಂದು ಕಾರ್ಡು ಸಾಕಾಗಲಿಲ್ಲ. ಯಾವುದರ ಮೇಲೆ ಯಾವುದು ಕುಳಿತರೂ ನಡುವೆ ಇರುವುದೆಲ್ಲ ಅವರಿಗೆ ಜೀನೇ. ಹೆಂಗಸರು ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿ ತಲೆಯ ಜೀನು. ಬೀರಪ್ಪನ ಪಾಲಕಿ ಹೊರುವವರು ಹೆಗಲಿಗೆ ಹಾಕಿಕೊಳ್ಳುವ ಕಂಬಳಿಯ ಮಡಿಕೆ ದೇವರ ಜೀನು. ಕೂಸನ್ನು ಎತ್ತಿಕೊಂಡ ತಾಯಿಯ ಟೊಂಕ, ಕೂಸಿನ ಜೀನು. ಒಮ್ಮೆ ಭಜನೆಯ ಬಳಗದವರೊಬ್ಬರು ತಂಬೂರಿ ತಂದು, ಇದರ ಕುದುರೆ ಸಡಿಲವಾಗಿದೆ ನೋಡಿ ಎಂದರು. ತಂತಿಗಳನ್ನು ಹೊತ್ತ ಆ ಪಟ್ಟಿಗೆ ಎಲ್ಲರೂ ಕುದುರೆ ಎಂದೇ ಅನ್ನುವುದು. ಕಾಕಾ ಒಪ್ಪಲಿಲ್ಲ. ಕುದುರೆ ಎಂದರೆ ಕೆಳಗಿನ ಬುರುಡೆ, ತಂತಿ ಸವಾರ, ಇದು ಜೀನು ಎಂದು ತಿದ್ದಿ, ಪಟ್ಟಿಯ ಕೆಳಗೆ ಒಂದು ಎಳೆ ಚರ್ಮ ಕೂಡಿಸಿ ಕೊಟ್ಟರು. ತಂಬೂರಿ ಆಮೇಲೆ ಹೇಗೆ ನುಡಿಯಿತೆಂದು ನನಗೆ ಗೊತ್ತಿಲ್ಲ. ಬಾದಾಮಿಯಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗನ್ನು ತೋರಿಸಿ, ಅಲ್ಲಿ ಯಾರನ್ನೋ ಕೂರಿಸುವುದಿತ್ತು, ಬರಲಿಲ್ಲ ಎಂದರು. ಇಂಗ್ಲಿಷಿನಲ್ಲೂ ಅಂಥ ತಗ್ಗಿಗೆ ಸ್ಯಾಡಲ್, ಅಂದರೆ ಜೀನು ಎಂದೇ ಅನ್ನುತ್ತಾರೆ ಎಂದು ನಾನು ಬೆರಗಿನಿಂದ ಹೇಳಿದೆ. ಅವರಿಗೆ ಬೆರಗಾಗಲಿಲ್ಲ. ಮತ್ತೇನನ್ನಬೇಕು ಎಂದು ಕೇಳಿದರು.

ಈ ಕಾರ್ಡುಗಳು ಧಾರವಾಡಕ್ಕೆ ಹೋಗಿ ಕೆಂಪು ಪ್ರಶ್ನಚಿಹ್ನೆ ಹೊತ್ತು ಮರಳಿದವು. ಸಿಂಬಿ ಜೀನು ಹೇಗಾಗುತ್ತದೆ ಎಂದು ನನ್ನ ಪ್ರಾಧ್ಯಾಪಕರು ಕೇಳಿದ್ದರು. ಅದನ್ನು ಕಾಕಾರಿಗೆ ಓದಿ ಹೇಳಿದೆ.

"ಅವರ ತಲಿಮ್ಯಾಲ ಒಂದ್ ತುಂಬಿದ ಕೊಡ ಇಡ್ರಿ. ತಿಳೀತೈತಿ" ಎಂದರು.

ಮಾಳಪ್ಪ ಬಂದದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ. ಕುರಿ ಕಾಯುವವನು. ಹಿಂಡು ಮರೋಳದ ಹೊಲವೊಂದರಲ್ಲಿತ್ತು. ಇನ್ನು ಎಂಟು ದಿನಕ್ಕೆ ಅವನ ಬಳಗವೆಲ್ಲ ಕುರಿ ಹೊಡೆದುಕೊಂಡು ಎರೆಹೊಲಗಳ ಕಡೆ ಹೊರಡುವುದಿತ್ತು. ಆ ಮಂದಿಯ ಮನೆ ಎಂದರೆ ಒಂದು ಕುದುರೆಯ ಬೆನ್ನು. ಗಡಿಗೆ, ಕಂಬಳಿ, ಜೋಳದ ಚೀಲ, ಕೋಳಿಯ ಬುಟ್ಟಿ, ನಡೆಯಲಾರದ ಎಳೆ ಕುರಿಮರಿಗಳು ಎಲ್ಲ ಅದರ ಮೇಲೆಯೇ. ಅವನ ಹಳೆಯ ತಡಿ ಹರಿದುಹೋಗಿತ್ತು. ಬಳಗದ ಜೊತೆ ಹೊರಡದಿದ್ದರೆ ಹಿಂದೆ ಒಬ್ಬೊಬ್ಬರೇ ಹೋಗುವಂತಿಲ್ಲ. ದಾರಿಯಲ್ಲಿ ಕುರಿ ಕದಿಯುವವರಿದ್ದರು. ಕುದುರೆ ಮರಿ ಹಾಕಿ ಹತ್ತು ದಿನವಾಗಿತ್ತು. ಅಷ್ಟು ಎಳೆಯ ಮರಿಯನ್ನು ನಡೆಸಿಕೊಂಡು ತಾಯಿ ಹುನಗುಂದಕ್ಕೆ ಬರುವಂತಿರಲಿಲ್ಲ. ಕಾಕಾರ ಮೊಣಕಾಲು ಆ ವಾರ ಬಾತು ಸೋರೆಕಾಯಿಯಂತಾಗಿತ್ತು. ಅವರೂ ಹೋಗುವಂತಿರಲಿಲ್ಲ.

ನಾನು ಹೋಗುತ್ತೇನೆ ಎಂದೆ. ಸೈಕಲ್ಲಿದೆ, ಹೊಸ ಸೀಟಿದೆ, ಓದು ಬರುತ್ತದೆ. ಅವರು ತಾಮ್ರದ ತಂತಿ ಕೊಡಲು ಬಂದರು. ಬೇಡವೆಂದೆ. ತಂತಿ ದಾರಿಯಲ್ಲಿ ಬಾಗುತ್ತದೆ, ಅಂಕಿ ಬಾಗುವುದಿಲ್ಲ ಎಂದೆ. ಈ ಮಾತು ನನಗೆ ಚೆನ್ನಾಗಿ ನೆನಪಿದೆ. ಇಂಥವು ನೆನಪಿರುತ್ತವೆ.

ಮರೋಳದಲ್ಲಿ ಇಂಚಿನ ಟೇಪು ಹಿಡಿದು ಅಳೆದೆ. ಮಾಳಪ್ಪನ ಹೆಂಡತಿ ಲಕ್ಕವ್ವ ಕುದುರೆಯ ತಲೆ ಹಿಡಿದು ನಿಂತಿದ್ದಳು. ಕಂದು ಕುದುರೆ. ಮರಿಯ ಹತ್ತಿರ ಹೊಸಬ ಬಂದನೆಂದು ಅದಕ್ಕೆ ಸಿಟ್ಟು. ಎರಡು ಸಲ ಒದೆಯಲು ನೋಡಿತು. ಕಾರ್ಡಿನ ಮೇಲೆ ಅಳತೆ ಬರೆದುಕೊಂಡು ಮರಳಿದೆ. ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು ಎಂದು ಓದಿ ಹೇಳಿದೆ.

"ಎರಡೂ ಕಡಿ ಒಂದ ಐತೇನ್ರಿ?"

"ಒಂದೇ ಅದ."

"ಚಲೋ ಕುದುರಿ ಬಿಡ್ರಿ. ಅಂಥಾದ್ ನಾ ಇನ್ನೂ ನೋಡಿಲ್ಲ."

ಮಾಳಪ್ಪನ ಕುದುರೆಯನ್ನು ಹೊಗಳಿದರು ಎಂದುಕೊಂಡೆ. ಅವರು ಕಾರ್ಡು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಗಲ್ಲಾಪೆಟ್ಟಿಗೆಯ ಸಂದಿಗೆ ಸಿಕ್ಕಿಸಿದರು. ಐದು ದಿನದಲ್ಲಿ ತಡಿ ತಯಾರಾಯಿತು. ಮಾಳಪ್ಪ ಬಂದು ಹೊತ್ತೊಯ್ದ.

ಬಳಗ ಹೊರಟ ಮೇಲೆ ಮೂರನೆಯದೋ ನಾಲ್ಕನೆಯದೋ ದಿನ ಮುಂಜಾನೆ ಲಕ್ಕವ್ವ ಅಂಗಡಿಯ ಮುಂದೆ ಬಂದು ನಿಂತಳು. ಹಿಂಡು ಗುಡೂರಿನ ಹತ್ತಿರ ಇಳಿದಿತ್ತು. ಅಲ್ಲಿಂದ ಕುದುರೆಯನ್ನು ಬರಿಮೈಯಲ್ಲಿ ನಡೆಸಿಕೊಂಡು, ತಡಿಯನ್ನು ತಾನೇ ತಲೆಯ ಮೇಲೆ ಹೊತ್ತು ಬಂದಿದ್ದಳು. ಮರಿ ಹಿಂದೆ ಹಿಂದೆ ಎಡವುತ್ತ ಬಂದಿತ್ತು. ಕುದುರೆಯ ಬಲಗಡೆ, ಹೆಗಲಿನ ಹಿಂದೆ, ಅಂಗೈಯಗಲ ತೊಗಲು ಸುಲಿದಿತ್ತು. ನೊಣ ಕೂರದಂತೆ ಅವಳು ಹಾಕಿದ ಅರಿಶಿನ ಬೆವರಿನಲ್ಲಿ ಇಳಿದು ಹೊಟ್ಟೆಯವರೆಗೆ ಬಂದಿತ್ತು.

"ಕಾಕಾ, ನಿನ್ನ ತಡಿ ನನ್ನ ಕುದುರಿ ತಿಂತು" ಎಂದಳು.

ಅವಳು ಕೂಗಲಿಲ್ಲ. ಬಳಗ ಒಂದು ದಿನ ಮಾತ್ರ ಕಾಯುತ್ತದೆ, ಆಮೇಲೆ ಹೋಗುತ್ತದೆ, ನಾವು ಹೊರೆಯನ್ನು ಯಾವುದರ ಮೇಲೆ ಹೇರಬೇಕು ಎಂದು ಕೇಳಿದಳು. ಮತ್ತೆ ನನ್ನ ಕಡೆ ತಿರುಗಿ, ಅಳತೆಗೆ ಬಂದವನು ಇವನೇ ಅಲ್ಲವೇ ಎಂದಳು. ನಾನು ಬಾಯಿ ತೆರೆಯುವ ಮುಂಚೆ ಕಾಕಾ ಹೇಳಿದರು.

"ಕುದುರಿ ನೋಡಲಾರದ ಹೊಲಿದಾಂವ ನಾ. ಅವರನ್ಯಾಕ ಕೇಳ್ತಿ ತಂಗೀ? ತಪ್ಪು ನಂದು."

ಕುಂಟುತ್ತ ಒಳಗೆ ಹೋಗಿ ಹಿಟ್ಟು ತಂದರು. ಅಂದು ಒಳಗಿನಿಂದ ಬೈಗುಳ ಬರಲಿಲ್ಲ. ಹುಣ್ಣಿನ ಮೇಲೆ ಬಾಳೆಎಲೆ ಮುಚ್ಚಿ, ಸುತ್ತ ಹಿಟ್ಟು ಉದುರಿಸಿ, ತಡಿಯನ್ನು ಮೆಲ್ಲಗೆ ಇಟ್ಟು ತೆಗೆದರು. ಎಡಗಡೆ ಹಿಟ್ಟು ಹಾಗೇ ಇತ್ತು, ಯಾರೂ ಮುಟ್ಟದಂತೆ. ಬಲಗಡೆ ಒಂದು ಉದ್ದ ಗೆರೆಯಲ್ಲಿ ಪೂರ್ತಿ ಅಳಿಸಿತ್ತು. ಅವರು ನನ್ನನ್ನು ಒಮ್ಮೆ ನೋಡಿದರು ಎಂದು ನನ್ನ ನೆನಪು. ನೋಡದೆಯೂ ಇರಬಹುದು. ನನಗೆ ಮಾತ್ರ ಏನಾದರೂ ಹೇಳಬೇಕೆನಿಸಿತು. ಮರಿಗೆ ಹಾಲುಣಿಸಿ ಕುದುರೆ ಸೊರಗಿದೆ, ನಾನು ಅಳೆದಾಗ ಮೈತುಂಬಿಕೊಂಡಿತ್ತು, ಅದಕ್ಕೇ ಹೀಗಾಗಿದೆ ಎಂದು ವಿವರಿಸಿದೆ.

"ಇರಬೌದು ತಗೋರಿ" ಎಂದರು. ದಬ್ಬಣದಂಥ ಆರಿ ಕೈಗೆತ್ತಿಕೊಂಡು ಹೊಲಿಗೆ ಬಿಚ್ಚತೊಡಗಿದರು.

ಅಂದು ಮಧ್ಯಾಹ್ನದವರೆಗೆ ಅವರು ತಲೆ ಎತ್ತಲಿಲ್ಲ. ಬೆನ್ನಿಗೆ ತಂತಿ ಬಗ್ಗಿಸಿ ಗೋಣಿ ಕತ್ತರಿಸಿಕೊಂಡು, ಬಲಗಡೆಯನ್ನು ಪೂರ್ತಿ ಬಿಚ್ಚಿ, ಗಾಯದ ಜಾಗದಲ್ಲಿ ಉಣ್ಣೆ ತೆಗೆದು ಗುಳಿ ಮಾಡಿ, ಸುತ್ತ ತುಂಬಿ ಹೊಲಿದರು. ಲಕ್ಕವ್ವ ಅವರ ಹೆಂಡತಿಯ ಜೊತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಉಂಡಳು. ಸಿಟ್ಟು ಅರ್ಧ ಇಳಿಯಿತು. ಆದರೆ ತಡಿ ಸರಿಯಾದರೂ ಗಾಯ ಒಣಗುವ ತನಕ ಕುದುರೆ ಹೇರು ಹೊರುವಂತಿರಲಿಲ್ಲ. ನಾಲ್ಕೈದು ದಿನ ಬೇಕು ಎಂದರು ಕಾಕಾ. ಆಮೇಲೆ ನನ್ನ ಸೈಕಲ್ಲಿನ ಕಡೆ ನೋಡಿದರು. ನಾನೂ ನೋಡಿದೆ.

ಉಳಿದ ಉಣ್ಣೆಯಲ್ಲಿ ಕ್ಯಾರಿಯರಿಗೆ ಒಂದು ಪುಟ್ಟ ತಡಿ ಹೊಲಿದು ಕಟ್ಟಿದರು. ಹೀಗೆ ನಾನು ಗುಡೂರಿನಿಂದ ಮುಂದಕ್ಕೆ ಐದು ದಿನ ಮಾಳಪ್ಪನ ಬಳಗದ ಹೇರು ಕುದುರೆಯಾದೆ. ಕ್ಯಾರಿಯರಿನ ಮೇಲೆ ಜೋಳದ ಚೀಲ, ಅದರ ಮೇಲೆ ಕಂಬಳಿ, ಹ್ಯಾಂಡಲ್ಲಿಗೆ ಎರಡೂ ಕಡೆ ಚೀಲಗಳು, ಚೀಲದೊಳಗಿಂದ ಕತ್ತು ಹೊರಹಾಕಿದ ಕುರಿಮರಿಗಳು. ಒಂದು ಕೋಳಿ ಸೀಟಿನ ಮೇಲೆ ಕೂತು ಇಡೀ ದಾರಿ ಇಳಿಯಲಿಲ್ಲ. ನಾನು ಏರುವ ಪ್ರಶ್ನೆಯೇ ಇರಲಿಲ್ಲ, ನೂಕುವುದಷ್ಟೇ. ಮೊದಲ ದಿನ ಲಕ್ಕವ್ವ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಕುದುರೆಗೆ ಹುಲ್ಲು ಹಾಕಿ ನನಗೆ ರೊಟ್ಟಿ ಕೊಡುತ್ತ, ಯಾರಿಗೆ ಮೊದಲು ಹಾಕಬೇಕೆಂದು ತಿಳಿಯುವುದಿಲ್ಲ ಎಂದಳು. ಐದನೆಯ ದಿನ ಗಾಯ ಒಣಗಿ ಹಕ್ಕಳೆ ಕಟ್ಟಿತು. ತಡಿ ಬೆನ್ನಿಗೇರಿತು. ಸಂಜೆ ಇಳಿಸಿ ನೋಡಿದರೆ ತೊಗಲು ಹಾಗೇ ಇತ್ತು. ಮಾಳಪ್ಪ ನನ್ನ ಬೆನ್ನು ಚಪ್ಪರಿಸಿ ಕಳಿಸಿಕೊಟ್ಟ. ಕುದುರೆಯ ಬೆನ್ನನ್ನೂ ಹಾಗೆಯೇ ಚಪ್ಪರಿಸುತ್ತಿದ್ದ.

ಆ ಅಳತೆಯ ಕಾರ್ಡನ್ನು ಆಮೇಲೆ ನಾನು ಹುಡುಕಿದೆ, ಸಿಗಲಿಲ್ಲ. ಪದಸಂಗ್ರಹದ ಕೆಲಸ ಮುಗಿಯಿತು. ನನಗೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹುನಗುಂದ ದೂರವೇನಲ್ಲ, ಆದರೂ ಹೋದದ್ದು ಕಡಿಮೆ. ಕತೆಯನ್ನು ಮಾತ್ರ ನೂರಾರು ಸಲ ಹೇಳಿದೆ. ಎರಡೂ ಕಡೆ ಎಚ್ಚರದಿಂದ ಅಳೆದಿದ್ದೆ, ಕುದುರೆ ಸೊರಗಿ ಮೋಸ ಮಾಡಿತು, ದೊಡ್ಡ ಮನಸ್ಸಿನ ಮುದುಕ ತನ್ನದಲ್ಲದ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡ. ವಿದ್ಯಾರ್ಥಿಗಳಿಗೆ ಬಹಳ ಹಿಡಿಸುತ್ತಿತ್ತು.

ಹೋದ ತಿಂಗಳು ನನ್ನ ಮೊಪೆಡ್ಡಿನ ಸೀಟು ಹರಿಯಿತು. ಬಾಗಲಕೋಟೆಯಲ್ಲಿ ಹೊಲಿಯುವವರಿಲ್ಲವೆಂದಲ್ಲ. ಹೇಗೂ ಅತ್ತೆಯನ್ನು ನೋಡುವುದಿತ್ತು, ಹುನಗುಂದಕ್ಕೇ ಓಡಿಸಿಕೊಂಡು ಹೋದೆ. ಅಂಗಡಿಯಲ್ಲಿ ಅವರ ಮಗ ಕೂತಿದ್ದ. ನಲವತ್ತರ ಹತ್ತಿರದವನು, ಮೊದಲು ಇಳಕಲ್ಲಿನಲ್ಲಿ ಟ್ರ್ಯಾಕ್ಟರಿನ ಸೀಟು ಹೊಲಿಯುತ್ತಿದ್ದವನು. ಕಾಕಾ ಹೋದ ಬೇಸಿಗೆಯಲ್ಲಿ ತೀರಿಕೊಂಡರೆಂದು ಅವನು ಹೇಳಿದ. ಒಂದು ದಿನ ಮಲಗಿದ್ದರಂತೆ, ಅಷ್ಟೇ. ಹಾಸಿಗೆ ಸರಿಯಾಗಿ ಕೂರುತ್ತಿಲ್ಲ, ಎಡಗಡೆ ಹತ್ತಿ ಹೆಚ್ಚಾಗಿದೆ ಎಂದು ಅಂದು ಮಧ್ಯಾಹ್ನವೂ ಬೈದಿದ್ದರಂತೆ.

ಗೋಡೆಯಲ್ಲಿ ಗೋಣಿಯ ಬೆನ್ನುಗಳು ಇನ್ನೂ ನೇತಾಡುತ್ತಿದ್ದವು. ನಾನು ಅವುಗಳನ್ನು ನೋಡುತ್ತಿದ್ದುದನ್ನು ಕಂಡು ಮಗ ಎದ್ದು ಹೋಗಿ ಒಂದನ್ನು ಮೊಳೆಯಿಂದ ಇಳಿಸಿದ. ಪ್ರತಿ ಬೆನ್ನಿಗೂ ಎರಡು ತುಂಡು, ಎಡದ್ದೊಂದು, ಬಲದ್ದೊಂದು, ಜೋಡಿಸಿ ಕಟ್ಟಿದ್ದು. ಅಷ್ಟು ತಿಂಗಳು ಅಲ್ಲಿ ಕೂತಿದ್ದರೂ ಎರಡೆರಡು ಇವೆಯೆಂಬುದನ್ನು ನಾನು ಗಮನಿಸಿರಲಿಲ್ಲ. ಮಗ ಇಳಿಸಿದ ಜೋಡಿಯಲ್ಲಿ ಬಲಗಡೆಯ ತುಂಡು ಕಣ್ಣಿಗೆ ಕಾಣುವಷ್ಟು ಉಬ್ಬಿತ್ತು. ಎರಡರ ನಡುವೆ, ಅದೇ ದಾರದಲ್ಲಿ ಪೋಣಿಸಿ, ನನ್ನ ಕಾರ್ಡು.

"ಅಪ್ಪ ಇದನ್ನ ಬಂದಾವ್ರಿಗೆಲ್ಲಾ ತೋರಸ್ತಿದ್ದ್ರಿ. ಯುನಿವರ್ಸಿಟಿಯವ್ರು ಬರದ್ ಕೊಟ್ಟದ್ದು ಅಂತಿದ್ದ. ನನಗ ಮೋಡಿ ಅಕ್ಷರ ತಿಳ್ಯಂಗಿಲ್ಲ. ಏನೈತ್ರಿ ಇದರಾಗ?"

ಹಳೆಯ ದಫ್ತರುಗಳ ಮೋಡಿ ಲಿಪಿಯಲ್ಲ, ಅದು ನನ್ನ ಕೈಬರಹ. ಓದಿದೆ. ಹೇರು ತಡಿ. ಮರೋಳ. ಕಂದು ಕುದುರೆ, ಹೆಣ್ಣು. ನಡುಬೆನ್ನಿನಿಂದ ಎಡಕ್ಕೆ ಮೂರು ಕಡೆ ಅಳತೆ, ಅರ್ಧ ಇಂಚನ್ನೂ ಬಿಡದೆ. ಅದರ ಕೆಳಗೆ: ಬಲಕ್ಕೂ ಅದೇ.

ಹಾಗೆಂದರೆ ಬಲಗಡೆ ನಾನು ಟೇಪು ಹಿಡಿದೇ ಇರಲಿಲ್ಲ. ಎಡದ್ದನ್ನು ಅಳೆದ ಮೇಲೆ ಬಲದ್ದು ಬೇರೆ ಏಕೆ ಇರುತ್ತದೆ? ಓದಿದವನಿಗೆ ಅಷ್ಟು ಗೊತ್ತಿರುತ್ತದೆ. ಆ ಕಡೆ ಹೋದರೆ ಕುದುರೆ ಒದೆಯುತ್ತದೆಂಬ ಭಯವೂ ಇದ್ದಿರಬಹುದು. ಆದರೆ ಎರಡೂ ಕಡೆ ಅಳೆದ ನನ್ನನ್ನು ನಾನು ಇಂದಿಗೂ ಸ್ಪಷ್ಟವಾಗಿ ಕಾಣಬಲ್ಲೆ. ಬಲಗಡೆ ನಿಂತಾಗ ಬಿಸಿಲು ಕಣ್ಣಿಗೆ ಹೊಡೆದದ್ದು ಕೂಡ ನೆನಪಿದೆ.

ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಎರಡೂ ಕಡೆ ಒಂದೇ ಇದ್ದ ಬೆನ್ನನ್ನು ತಾವು ಇನ್ನೂ ನೋಡಿಲ್ಲ ಎಂದು ಅಂದೇ ಹೇಳಿದ್ದರು. ಒಮ್ಮೆ ಕೇಳಿ, ನಾನು ಹೌದೆಂದ ಮೇಲೆ ಎರಡನೆಯ ಸಲ ಕೇಳಲಿಲ್ಲ. ತಪ್ಪು ನಂದು ಎಂದದ್ದು ನನ್ನನ್ನು ಉಳಿಸಲೆಂದು ನಾನು ತಿಳಿದಿದ್ದೆ. ಅವರು ತಮ್ಮ ಪಾಲಿನ ತಪ್ಪನ್ನು ಲೆಕ್ಕ ಹಾಕಿಯೇ ಹೇಳಿದ್ದಿರಬೇಕು. ಕಾರ್ಡನ್ನು ಬಂದವರಿಗೆಲ್ಲ ತೋರಿಸುತ್ತಿದ್ದುದು ಅಭಿಮಾನದಿಂದಲೋ, ನಗೆಗೋ, ತಮಗೆ ತಾವೇ ಹೇಳಿಕೊಳ್ಳಲಿಕ್ಕೋ, ಅದನ್ನು ಕೇಳಲು ಈಗ ಅವರಿಲ್ಲ.

ಮಗನಿಗೆ ಕಾರ್ಡನ್ನು ಇದ್ದಂತೆಯೇ ಗಟ್ಟಿಯಾಗಿ ಓದಿ ಹೇಳಿದೆ, ಕೊನೆಯ ಸಾಲನ್ನೂ. ಅವನು ಹೌದೇನ್ರಿ ಎಂದು ಮೊಳೆಗೆ ಮರಳಿ ಸಿಕ್ಕಿಸಿ ನನ್ನ ಸೀಟಿನ ಕೆಲಸಕ್ಕೆ ಕುಳಿತ. ಹಳೆಯ ಹೊದಿಕೆ ಕಿತ್ತ. ಒಳಗಿನ ಸ್ಪಂಜಿಗೆ ನಡುವಿನಿಂದ ಒಂದು ಕಡೆ ಟೇಪು ಹಿಡಿದು ನೋಡಿ, ಹೊಸ ರೆಕ್ಸಿನ್ನನ್ನು ಎರಡು ಮಡಿಕೆ ಮಾಡಿ ಕತ್ತರಿ ಎತ್ತಿದ.

"ಆ ಕಡಿನೂ ಅಳಿಯಪ್ಪ" ಎಂದೆ.

"ಕಂಪನಿ ಸೀಟ್ರಿ ಸರ. ಎರಡೂ ಕಡಿ ಒಂದ ಇರತೈತಿ."

"ಇರಲಿ. ಅಳಿ."

ನನ್ನ ಮುಖ ನೋಡಿದ. ಕತ್ತರಿ ಕೆಳಗಿಟ್ಟು ಅಳೆದ. ಮತ್ತೊಮ್ಮೆ ಅಳೆದ. ಅರ್ಧ ಇಂಚು ವ್ಯತ್ಯಾಸ ಬಂತು. ಅಷ್ಟು ವರ್ಷ ವಾಲಿ ಕೂತು ನಾನೇ ಅದನ್ನು ಒಂದು ಕಡೆ ತಗ್ಗಿಸಿದ್ದೆ. ಯಾವ ಕಡೆ ಎಂಬುದು ಈಗ ಮರೆತಿದೆ. ಅಳೆದದ್ದು ಮಾತ್ರ ಎರಡೂ ಕಡೆ.